ಸ್ನಾನದಿಂದ ಎಣಿಸಿದ ಎಂಟು ವರ್ಷ



ನಾನು ಹುಟ್ಟಿ ಎರಡು ತಿಂಗಳು ತುಂಬುವ ಮೊದಲೇ ನನಗೆ ದೀಕ್ಷಾಸ್ನಾನವಾಯಿತು. ಆ ದಿನ ತೊಡಿಸಿದ ಬಿಳಿ ಅಂಗಿ ಅವ್ವನ ಟ್ರಂಕಿನಲ್ಲಿ ಬಹಳ ಕಾಲ ಇತ್ತು. ನನ್ನ ಇಬ್ಬರು ತಮ್ಮಂದಿರಿಗೂ ಅದನ್ನೇ ತೊಡಿಸಿದರು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಸಭೆಯಲ್ಲಿರುವ ಮನೆ. ಹದಿನೈದಕ್ಕೆ ದೃಢೀಕರಣದ ತರಗತಿ, ಪಾದ್ರಿ ಅಯ್ಯನವರು ಕೇಳಿದ ಪ್ರಶ್ನೆಗಳಿಗೆ ಬಾಯಿಪಾಠದ ಉತ್ತರ, ಆಮೇಲೆ ಮೊದಲ ಕರ್ತನ ಭೋಜನ. ಎಲ್ಲವೂ ಆಯಾ ವಯಸ್ಸಿಗೆ ನಡೆದುಹೋದವು. ಪ್ರಶ್ನೆ ಮಾತ್ರ ತಡವಾಗಿ ಬಂತು, ಅದೂ ನನ್ನೊಳಗಿಂದ ಬರಲಿಲ್ಲ.

ನನಗೆ ಇಪ್ಪತ್ತೆರಡಾಗಿದ್ದಾಗ, ಆ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದ ಗೆಳತಿ ಬೇರೊಂದು ಸಭೆಗೆ ಹೋಗಲು ಶುರುಮಾಡಿದಳು. ಒಂದು ಭಾನುವಾರ ಮಲಪ್ರಭೆಯಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ಪಡೆದಳು. ನಮ್ಮಲ್ಲಿ ಗದ್ದಲವಾಯಿತು. ಹಿರಿಯರು ಅವಳ ಮನೆಗೆ ಹೋಗಿ ತಂದೆಯನ್ನು ವಿಚಾರಿಸಿದರು. ಸಭೆಯ ಪಟ್ಟಿಯಿಂದ ಹೆಸರು ತೆಗೆಯುವ ಮಾತೂ ಬಂತು. ಅವಳನ್ನು ಕೂರಿಸಿಕೊಂಡು "ಏನಾಯಿತವ್ವ?" ಎಂದು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ. ಅವಳಾಗಿಯೇ ನನ್ನೆದುರು ಒಂದು ಮಾತು ಆಡಿದಳು: "ಮೊದಲಿಂದು ಅಪ್ಪ ಅವ್ವ ಕೊಡಿಸಿದ್ದು. ನಾ ತಗೊಂಡಿದ್ದಲ್ಲ."

ಅದಕ್ಕೆ ಕೊಡುವ ಉತ್ತರ ನನ್ನಲ್ಲಿರಲಿಲ್ಲ. ದೃಢೀಕರಣಕ್ಕೆ ಕಲಿತ ಉತ್ತರಗಳಲ್ಲಿಯೂ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕ ಕೈಗೆ ಬಂತು. ಪಂಡಿತಾ ರಮಾಬಾಯಿಯವರ ಪತ್ರವ್ಯವಹಾರ, ಎ. ಬಿ. ಶಾ ಅವರ ಹೆಸರಿನಲ್ಲಿ 1977ರಲ್ಲಿ ಹೊರಬಂದದ್ದು. ರಮಾಬಾಯಿ ಎಂದರೆ ವಿಧವೆಯರ ಆಶ್ರಯದಾತೆ, ಸ್ತ್ರೀಶಿಕ್ಷಣಕ್ಕೆ ದುಡಿದವರು ಎಂದಷ್ಟೇ ಶಾಲೆಯಲ್ಲಿ ಓದಿದ್ದೆ. ಈ ಪುಸ್ತಕದಲ್ಲಿ ಕಂಡವಳು ಬೇರೆಯೇ ಒಬ್ಬಳು. ಇಪ್ಪತ್ತೈದು ಇಪ್ಪತ್ತಾರರ ಹೊಸ ಕ್ರೈಸ್ತಳು, ತನಗೆ ದೀಕ್ಷಾಸ್ನಾನ ಕೊಡಿಸಿದವರೊಡನೆಯೇ ವರ್ಷಗಟ್ಟಲೆ ವಾದಿಸುತ್ತಿರುವವಳು. ಇವತ್ತಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಅವಳನ್ನು, 1883ರಿಂದ 1891ರವರೆಗಿನ ಆ ಎಂಟು ವರ್ಷಗಳನ್ನು.

ಆದರೆ ನೀರಿನ ಕತೆ ಅದಕ್ಕೂ ಹಿಂದೆ, ನಮ್ಮ ನಾಡಿನಲ್ಲೇ ಆರಂಭವಾಗುತ್ತದೆ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ಉಗಮವೆಂದು ನಾವು ತೋರಿಸುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರ ಕೊಡಬೇಕಾಯಿತು. ಊರಿನ ಮಾತಿನಿಂದ ದೂರವಾಗಿ ಕಾಡಿನಲ್ಲಿ ಆಶ್ರಮ ಕಟ್ಟಿದ್ದರು. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಆಗ ಸಂಸಾರ ಸಮೇತ ತೀರ್ಥಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೋದರಂತೆ. ಮುಂದೆ ಹದಿನಾರು ವರ್ಷ ಆ ಸಂಸಾರಕ್ಕೆ ಮನೆಯೆಂಬುದು ಇರಲಿಲ್ಲ. ಪುರಾಣ ಓದುವುದು, ಬಂದದ್ದನ್ನು ದಾನ ಮಾಡುವುದು, ಮುಂದಿನ ತೀರ್ಥಕ್ಕೆ ನಡೆಯುವುದು.

1874ರ ಬರಗಾಲದಲ್ಲಿ ಇದು ಮುಗಿಯಿತು. ತಿರುಪತಿಯ ಬೆಟ್ಟದ ಕಾಡಿನಲ್ಲಿ ಅವರು ದಿನಗಟ್ಟಲೆ ನೀರು ಮತ್ತು ಎಲೆಗಳ ಮೇಲೆ ಬದುಕಿದರು. ಮುದುಕರಾಗಿ ಕಣ್ಣು ಕಳೆದುಕೊಂಡಿದ್ದ ಅನಂತಶಾಸ್ತ್ರಿ ಪುಣ್ಯತೀರ್ಥದಲ್ಲಿ ಜಲಸಮಾಧಿಯಾಗುವುದೆಂದು ನಿಶ್ಚಯಿಸಿ ಒಬ್ಬೊಬ್ಬರಿಗೂ ಕೊನೆಯ ಮಾತು ಹೇಳಿದರು. ಹದಿನಾರರ ಮಗಳನ್ನು ಎದೆಗಪ್ಪಿಕೊಂಡು, ದೇವರ ಸೇವೆಯಲ್ಲೇ ಬಾಳು ಎಂದರು. ಆಗ ಮಗ ಶ್ರೀನಿವಾಸ ಅಡ್ಡ ಬಂದ. ಜಾತಿಯ ಬಿಗುಮಾನ ಬಿಟ್ಟು ಕೂಲಿಯಾದರೂ ಮಾಡಿ ಸಾಕುತ್ತೇನೆ ಎಂದು ಹೇಳಿ ತಂದೆಯನ್ನು ನೀರಿನಿಂದ ತಡೆದ. ತಂದೆ ಆದರೂ ಉಳಿಯಲಿಲ್ಲ. ತಾಯಿ ರಾಯಚೂರಿನಲ್ಲಿ ತೀರಿಕೊಂಡರು, ಆಮೇಲೆ ಅಕ್ಕನೂ ಹೋದಳು.

ಇದನ್ನು ನಾನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ರಮಾಬಾಯಿಯನ್ನು ದೀಕ್ಷಾಸ್ನಾನಕ್ಕೆ ಸಿದ್ಧಪಡಿಸಿದವರು ಅವಳಿಗೆ ಹೊಸದೊಂದನ್ನು ಕಲಿಸುತ್ತಿದ್ದೇವೆ ಎಂದುಕೊಂಡಿದ್ದರು. ಆದರೆ ಸ್ನಾನದಿಂದ ಪಾಪ ಹೋಗುತ್ತದೆಂದು ನಂಬಿ ಈ ದೇಶದ ಎಷ್ಟೋ ನದಿಗಳಲ್ಲಿ ಮುಳುಗಿದವಳು ಅವಳು. ನೀರಿನಲ್ಲಿ ಸಾಯುವುದು ಎಂದರೇನೆಂದು ತಂದೆಯ ತೋಳಿನಲ್ಲಿ ತಿಳಿದವಳು. ದೀಕ್ಷಾಸ್ನಾನವೆಂದರೆ ಕ್ರಿಸ್ತನೊಡನೆ ಸತ್ತು ಹೂಣಲ್ಪಡುವುದು ಎಂದು ಪೌಲನು ರೋಮಾಪುರದವರಿಗೆ ಬರೆದ ಮಾತನ್ನು ನಾವು ತರಗತಿಯಲ್ಲಿ ಉರು ಹೊಡೆದೆವು. ಅವಳಿಗೆ ಅದು ಉರು ಹೊಡೆಯುವ ಮಾತಾಗಿರಲು ಸಾಧ್ಯವಿರಲಿಲ್ಲ.

ಅಣ್ಣತಂಗಿ ಇಬ್ಬರೂ ನಡೆದೇ 1878ರಲ್ಲಿ ಕಲ್ಕತ್ತ ತಲುಪಿದರು. ಪಂಡಿತರು ಅವಳ ಸಂಸ್ಕೃತಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಕ್ರೈಸ್ತರ ಪ್ರಾರ್ಥನೆಯನ್ನು ಅವಳು ಮೊದಲು ಕಂಡದ್ದೂ ಅಲ್ಲೇ. ಎಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ನೋಡಿ, ಇವರು ಕುರ್ಚಿಗಳಿಗೆ ನಮಸ್ಕರಿಸುತ್ತಿದ್ದಾರೆ ಎಂದು ತಿಳಿದಳಂತೆ. ವಿಗ್ರಹವಿಲ್ಲದ ಪೂಜೆಯನ್ನು ಕಾಣದ ಕಣ್ಣಿಗೆ ಹಾಗೆ ಕಂಡದ್ದು ಸಹಜ. ನಮ್ಮ ಆರಾಧನೆ ಹೊರಗಿನಿಂದ ಬಂದವರಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸುವಾಗಲೆಲ್ಲ ನನಗೆ ಆ ಕುರ್ಚಿಗಳು ನೆನಪಾಗುತ್ತವೆ.

1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಅವಳು ಬ್ರಾಹ್ಮಣನಲ್ಲದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸರನ್ನು ಮದುವೆಯಾದಳು. ಅಸ್ಸಾಮಿನ ಸಿಲ್ಚಾರ್‌ನ ಮನೆಯಲ್ಲಿ, ಗಂಡನ ಪುಸ್ತಕಗಳ ನಡುವೆ, ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತು. ಆ ಊರಿನ ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಬಂದು ವಿವರಿಸತೊಡಗಿದರು. ಹೆಂಡತಿ ಓದುವುದಕ್ಕೆ ಗಂಡನ ತಕರಾರಿರಲಿಲ್ಲ. ಎಲ್ಲರೆದುರು ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗುವ ಮಾತು ಬಂದಾಗ ಮಾತ್ರ ಅವರಿಗೆ ಹಿಡಿಸಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಶತಮಾನದ ಭಾರತದಲ್ಲಿ ಗೆರೆ ಇದ್ದದ್ದು ಸರಿಯಾಗಿ ಇಲ್ಲೇ. ಬೈಬಲ್ ಓದಬಹುದಿತ್ತು, ಯೇಸುವನ್ನು ಮೆಚ್ಚಬಹುದಿತ್ತು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ಕ್ರಿಸ್ತನ ಬಗ್ಗೆ ಭಾವಪರವಶರಾಗಿ ಭಾಷಣ ಮಾಡಿಯೂ ತಮ್ಮ ಸಮಾಜದಲ್ಲಿ ಗೌರವದಿಂದಲೇ ಇದ್ದರು. ನೀರು ತಲೆಗೆ ಬಿದ್ದ ಕ್ಷಣ ಮಾತ್ರ ಎಲ್ಲ ಬದಲಾಗುತ್ತಿತ್ತು. ಮನೆಯವರ ಪಂಕ್ತಿಯಲ್ಲಿ ಊಟವಿಲ್ಲ, ಬದುಕಿರುವಾಗಲೇ ಘಟಶ್ರಾದ್ಧ, ಹೆಂಡತಿ ಮಕ್ಕಳು ತವರಿಗೆ. ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ತರುಣ ಬಾಸೆಲ್ ಮಿಷನ್ನಿನವರಿಂದ ದೀಕ್ಷಾಸ್ನಾನ ಪಡೆದಾಗ ಊರು ಅಲ್ಲಾಡಿದ್ದು ಇದೇ ಕಾರಣಕ್ಕೆ. ಮತಾಂತರವಾದವರ ಆಸ್ತಿಯ ಹಕ್ಕು ಹೋಗದಿರಲೆಂದು 1850ರಲ್ಲಿ ಸರ್ಕಾರ ಕಾಯ್ದೆಯನ್ನೇ ತರಬೇಕಾಯಿತು. ಹೀಗಾಗಿ ದೀಕ್ಷಾಸ್ನಾನ ಪಡೆಯುವವನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ನೋಡುವ ವ್ಯವಧಾನ ಎರಡೂ ಕಡೆಯವರಿಗಿರಲಿಲ್ಲ. ಬಿಟ್ಟ ಮನೆಗೆ ಅದು ಸಾವು, ಸೇರಿದ ಸಭೆಗೆ ಅದು ಜಯ. ದಾಟಿದವನು ಇನ್ನೂ ಅರ್ಧ ದಾರಿಯಲ್ಲಿ ನಡೆಯುತ್ತಿರಬಹುದು ಎಂಬ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಬಿಪಿನ್ ಬಿಹಾರಿ 1882ರಲ್ಲಿ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮಾ. ರಮಾಬಾಯಿ ಪುಣೆಗೆ ಬಂದಳು, ಆರ್ಯ ಮಹಿಳಾ ಸಮಾಜ ಕಟ್ಟಿದಳು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣ ಮತ್ತು ವೈದ್ಯದ ಬಗ್ಗೆ ಸಾಕ್ಷ್ಯ ಹೇಳಿದಳು, 'ಸ್ತ್ರೀಧರ್ಮನೀತಿ' ಬರೆದು ಮಾರಿದ ಹಣದಿಂದ ಇಂಗ್ಲೆಂಡಿನ ಹಡಗಿನ ಟಿಕೆಟ್ ಕೊಂಡಳು. ತಾನೂ ಅವಳಂತೆಯೇ ಚಿತ್ಪಾವನನಾಗಿ ಹುಟ್ಟಿ 1848ರಲ್ಲಿ ಕ್ರೈಸ್ತನಾದ ಪಾದ್ರಿ ನೆಹೆಮ್ಯಾ ಗೋರೆ ಪುಣೆಯಲ್ಲಿ ಅವಳೊಡನೆ ಬಹಳ ಚರ್ಚಿಸಿದರು. ಆದರೂ ಹೊರಡುವಾಗ, ಮತ ಬದಲಿಸುವ ಉದ್ದೇಶ ತನಗಿಲ್ಲವೆಂದು ಅವಳು ಹೇಳಿಯೇ ಹೊರಟಿದ್ದಳು. ವಾಂಟೇಜ್ ಎಂಬ ಊರಿನ ಸಂತ ಮೇರಿ ಕನ್ಯಾಮಠದಲ್ಲಿ ಇಳಿದಾಗ ಅವಳ ಕರಾರು ಸ್ಪಷ್ಟವಾಗಿತ್ತು: ಅವರು ಇವಳಿಗೆ ಇಂಗ್ಲಿಷ್ ಕಲಿಸಬೇಕು, ಇವಳು ಅವರಿಗೆ ಮರಾಠಿ ಕಲಿಸುತ್ತಾಳೆ. ದಾನದ ಅನ್ನ ಬೇಡ.

ಕೆಲವೇ ತಿಂಗಳಲ್ಲಿ ಎರಡು ಘಟನೆಗಳು ನಡೆದವು. ಅವಳ ಜೊತೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್, ತಮ್ಮನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಭಯದಿಂದ ಮನಸ್ಸು ಕದಡಿ ಪ್ರಾಣ ತೆಗೆದುಕೊಂಡಳು. ಈ ಸಾವನ್ನು ಬಿಟ್ಟು ರಮಾಬಾಯಿಯ ದೀಕ್ಷಾಸ್ನಾನದ ಕತೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಬಲವಂತವಿತ್ತೆಂದು ನಾನು ಹೇಳುತ್ತಿಲ್ಲ. ಪರದೇಶದ ಚಳಿಯಲ್ಲಿ, ಅರ್ಥವಾಗದ ಭಾಷೆಯ ನಡುವೆ, ಇಬ್ಬರು ಹೆಂಗಸರು ಒಂದೇ ಮನೆಯಲ್ಲಿದ್ದರು. ಒಬ್ಬಳಿಗೆ ಅದು ಆಶ್ರಯವಾಯಿತು, ಇನ್ನೊಬ್ಬಳಿಗೆ ಬೋನಾಯಿತು. ಎರಡನೆಯ ಘಟನೆ ಲಂಡನ್ನಿನ ಫುಲ್ಹಂನಲ್ಲಿ ನಡೆಯಿತು. ದಾರಿ ತಪ್ಪಿದ ಹೆಣ್ಣುಗಳೆಂದು ಲೋಕ ದೂಡಿದವರಿಗಾಗಿ ಮಠದವರು ಅಲ್ಲಿ ಒಂದು ಆಶ್ರಯ ನಡೆಸುತ್ತಿದ್ದರು. ಇಂಥವರನ್ನು ನೀವು ಯಾಕೆ ಹೀಗೆ ನೋಡಿಕೊಳ್ಳುತ್ತೀರಿ ಎಂದು ರಮಾಬಾಯಿ ಕೇಳಿದಳು. ಅಲ್ಲಿನ ಕನ್ಯಾಸ್ತ್ರೀಯೊಬ್ಬರು ವಾದ ಮಾಡದೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದು ಸಮಾರ್ಯದ ಹೆಂಗಸಿನ ಕತೆ ಓದಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬಳೇ ನೀರಿಗೆ ಬಂದವಳು, ಅವಳ ಕೈಯಿಂದ ನೀರು ಕೇಳುವ ಯೇಸು. ಶಾಸ್ತ್ರಗಳಲ್ಲಿ ಹೆಣ್ಣಿಗೆ ಮೋಕ್ಷವಿಲ್ಲ ಎಂಬುದನ್ನು ಓದಿ ಓದಿ ಬೇಸತ್ತಿದ್ದವಳಿಗೆ ಆ ಬಾವಿಕಟ್ಟೆ ಸಾಕಾಯಿತು.

1883ರ ಸೆಪ್ಟೆಂಬರ್ 29ರಂದು ವಾಂಟೇಜಿನ ದೇವಾಲಯದಲ್ಲಿ ಅವಳಿಗೆ ಮೇರಿ ರಮಾ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನವಾಯಿತು. ಜೊತೆಗೆ ಎರಡೂವರೆ ವರ್ಷದ ಮನೋರಮಾಗೂ ಆಯಿತು.

ಈ ಒಂದು ದಿನವನ್ನು ನಾನು ಮತ್ತೆ ಮತ್ತೆ ನೆನೆದಿದ್ದೇನೆ. ಒಂದೇ ತೊಟ್ಟಿ, ಒಂದೇ ನೀರು. ತಾಯಿ ಕೇಳಿದ್ದಕ್ಕೆ ಉತ್ತರ ಕೊಟ್ಟು ತೆಗೆದುಕೊಂಡಳು. ಮಗಳಿಗೆ ತಾಯಿ ಕೊಡಿಸಿದಳು. ನನ್ನ ಗೆಳತಿ ಬೇರೆ ಬೇರೆ ಎಂದು ತಿಳಿದ ಎರಡೂ ದೀಕ್ಷಾಸ್ನಾನಗಳು ಅಲ್ಲಿ ಅಕ್ಕಪಕ್ಕ ನಡೆದವು. ಆದರೆ ತಾಯಿಯದನ್ನೇ ತೆಗೆದುಕೊಳ್ಳಿ. ತಿಳಿದು, ಒಪ್ಪಿ, ಬಾಯಿಬಿಟ್ಟು ಹೇಳಿದ ಆ ಉತ್ತರಕ್ಕೆ ಅವಳ ಮಟ್ಟಿಗೆ ಆ ದಿನ ಇದ್ದ ಅರ್ಥವೆಷ್ಟು?

ಪತ್ರಗಳು ಆರಂಭವಾಗುವುದು ಇಲ್ಲಿಂದ. 1884ರಲ್ಲಿ ಅವಳು ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿಗೆ ಹೋದಳು. ಕಿವಿ ಮಂದವಾದ್ದರಿಂದ ವೈದ್ಯ ಓದುವ ಆಸೆಯನ್ನು ಕೈಬಿಟ್ಟಿದ್ದಳು. ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವಳ ಪ್ರಶ್ನೆಗಳನ್ನು ಸಹನೆಯಿಂದ ಕೇಳುತ್ತಿದ್ದರು. ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವಳಿಗೆ ವಿಶ್ವಾಸದಲ್ಲಿ ತಾಯಿಯಂತಿದ್ದವರು. ರಮಾಬಾಯಿ ಅವರನ್ನು ಪ್ರೀತಿಯಿಂದ 'ಆಜೀಬಾಯಿ' ಎಂದು ಕರೆಯುತ್ತಿದ್ದಳು. ಜಗಳ ನಡೆದದ್ದು ಈ ಅಜ್ಜಿಯೊಡನೆಯೇ.

ಚಿಕ್ಕ ವಿಷಯಗಳೆಂದು ಕಾಣುವವನ್ನು ಮೊದಲು ಹೇಳುತ್ತೇನೆ, ಅವು ನನಗೆ ಚಿಕ್ಕವಲ್ಲ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಬೇಡ, ಸಂಸ್ಕೃತ ಇರಲಿ ಎಂದಳು. ಲ್ಯಾಟಿನ್ನಿನಲ್ಲಿ ಇರುವ ಹೆಚ್ಚಿನದೇನು ಎಂಬುದು ಅವಳ ನೇರ ಪ್ರಶ್ನೆ. ಮಾಂಸ ಮುಟ್ಟುತ್ತಿರಲಿಲ್ಲ, ಮೊಟ್ಟೆ ಹಾಕಿದ ತಿನಿಸನ್ನೂ ಒಲ್ಲೆ ಎನ್ನುತ್ತಿದ್ದಳು. ಇದು ಜಾತಿಯ ಅಭಿಮಾನ ಇನ್ನೂ ಹೋಗದಿರುವ ಗುರುತು ಎಂದು ಮಠದವರಿಗೆ ಅನಿಸಿತು. ಜಾತಿಯನ್ನು ಮದುವೆಯಲ್ಲೇ ಬಿಟ್ಟು ಬಂದವಳಿಗೆ ಈ ಮಾತು ಎಷ್ಟು ಚುಚ್ಚಿರಬೇಕು! ಅವಳು ಊಟ ಬದಲಿಸಲಿಲ್ಲ, ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದಳು. ಅವಳು ಇಂಗ್ಲಿಷ್ ಹುಡುಗರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಬೇಡವೆಂದರು. ಗಂಡಸರಿಗೆ ಪಾಠ ಹೇಳಿದರೆ ಅವಳ ದೇಶದಲ್ಲಿ ಅವಳಿಗೆ ಕೆಟ್ಟ ಹೆಸರು ಬರುತ್ತದೆ ಎಂಬುದು ಅವರ ಕಾರಣ. ಚಿಕ್ಕಂದಿನಿಂದ ದೇಶದುದ್ದಕ್ಕೂ ಗಂಡಸರು ಕುಳಿತ ಸಭೆಗಳಲ್ಲಿ ಪುರಾಣ ಹೇಳಿದವಳಿಗೆ ಈ ಕಾಳಜಿ! ಅವಳು ಸಿಟ್ಟಾದಳು. ಆ ಸಿಟ್ಟು ನ್ಯಾಯವಾದದ್ದು ಎಂದು ನಾನು ನಂಬುತ್ತೇನೆ.

ಆಳದ ವಿವಾದ ವಿಶ್ವಾಸದ್ದು. ತ್ರಯೈಕ್ಯವನ್ನು, ಕ್ರಿಸ್ತನ ದೈವತ್ವವನ್ನು ಸಭೆ ಹೇಳಿದ ರೀತಿಯಲ್ಲಿ ಆಗ ಅವಳಿಗೆ ಒಪ್ಪಲಾಗಲಿಲ್ಲ. ಒಬ್ಬನೇ ದೇವರು, ಅವನು ಕಳಿಸಿದ ಕ್ರಿಸ್ತ, ಇವರಲ್ಲಿ ತನಗೆ ವಿಶ್ವಾಸವಿದೆ. ಅದರಾಚೆಗಿನದನ್ನು ಬೈಬಲಿನಲ್ಲಿ ತಾನೇ ಕಂಡ ಹೊರತು ಒಪ್ಪುವುದಿಲ್ಲ ಎಂಬುದು ಅವಳ ಹಟ. ಆಗಿನ ಇಂಗ್ಲೆಂಡ್ ಸಭೆಯ ಪ್ರಾರ್ಥನಾಪುಸ್ತಕದಂತೆ ವರ್ಷದಲ್ಲಿ ಹದಿಮೂರು ಹಬ್ಬಗಳಂದು ಅಥನಾಸಿಯಸನ ಹೆಸರಿನ ವಿಶ್ವಾಸಪ್ರಮಾಣವನ್ನು ಹೇಳಬೇಕಿತ್ತು. ಇದನ್ನು ಪೂರ್ತಿಯಾಗಿ ನಂಬದವನು ನಾಶವಾಗುವನೆಂದು ಅದು ಹೇಳುತ್ತದೆ. ಆ ಗಂಟಲಿಗೆ ಇಳಿಯದ ಮಾತುಗಳ ನಡುವೆ ಅವಳು ಇದ್ದಳು. ಕ್ರಿಸ್ತನ ಸಭೆಗೆ ನಾನು ಸೇರಿದ್ದು ನಿಜ, ಬಿಷಪ್ಪರ ಪಾದ್ರಿಗಳ ಬಾಯಿಂದ ಬಿದ್ದ ಮಾತಿಗೆಲ್ಲ ತಲೆಬಾಗುತ್ತೇನೆಂದು ಒಪ್ಪಿ ಸೇರಿದವಳಲ್ಲ ಎಂದು ವಾದಿಸಿದಳು. ನಮ್ಮ ದೇಶದ ಪುರೋಹಿತರ ನೊಗವನ್ನು ಈಗಷ್ಟೇ ಕಳಚಿ ಬಂದಿದ್ದೇನೆ, ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬ ಅರ್ಥದಲ್ಲಿ ಬರೆದಳು. ಇದು 1885ರ ಮಾತು. ದೀಕ್ಷಾಸ್ನಾನವಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಮನೋರಮಾಳ ಬಗ್ಗೆಯೂ ವಾದ ನಡೆಯಿತು. ತನಗೇ ಗಟ್ಟಿಯಾಗದ ಸಿದ್ಧಾಂತಗಳನ್ನು ಮಗಳಿಗೆ ಕಲಿಸುವುದು ರಮಾಬಾಯಿಗೆ ಬೇಕಿರಲಿಲ್ಲ. ಮಗುವಿಗೆ ಮಠದ ಪಾಠವೇ ಸರಿ ಎಂದು ಜೆರಾಲ್ಡಿನ್. ನನಗೆ ಇಲ್ಲಿ ಬೆಳಕು ಕಂಡಿತು. ತಾನೇ ಎತ್ತಿಕೊಂಡು ಹೋಗಿ ದೀಕ್ಷಾಸ್ನಾನ ಕೊಡಿಸಿದ ಮಗಳ ಮನಸ್ಸನ್ನು ಆತುರದಿಂದ ತುಂಬಿಸಬೇಡಿ ಎಂದು ತಾಯಿ ಬೇಡುತ್ತಿದ್ದಾಳೆ. ನೀರು ಕೊಡಿಸಬಹುದು, ನಂಬಿಕೆಯನ್ನು ಕೊಡಿಸಲು ಬರುವುದಿಲ್ಲ ಎಂಬುದನ್ನು ಅವಳು ತನ್ನ ಮೈಮೇಲೇ ಕಂಡುಕೊಂಡಿದ್ದಳು.

ಸಿಸ್ಟರ್ ಜೆರಾಲ್ಡಿನ್ ಅವರನ್ನು ಖಳನಾಯಕಿಯಂತೆ ನೋಡುವವರಿದ್ದಾರೆ. ನಾನು ಹಾಗೆ ನೋಡಲಾರೆ. ಅವರ ಪತ್ರಗಳಲ್ಲಿ ಅಧಿಕಾರದ ಧ್ವನಿ ಇದೆ, ಬಿಳಿಯರ ದೊಡ್ಡಸ್ತಿಕೆಯೂ ಇದೆ. ಆದರೆ ಮಗಳು ಬಿದ್ದುಹೋಗುತ್ತಾಳೆ ಎಂದು ರಾತ್ರಿ ನಿದ್ದೆಗೆಡುವ ತಾಯಿಯ ದಿಗಿಲೂ ಇದೆ. ಇವತ್ತು ನಾವು ಈ ಪತ್ರಗಳನ್ನು ಓದುತ್ತಿದ್ದೇವೆ ಎಂದರೆ ಕಾರಣ ಅವರೇ. ತಮ್ಮನ್ನು ಎದುರಿಸಿ ಬರೆದ ಒಂದೊಂದು ಹಾಳೆಯನ್ನೂ ಕಾಪಾಡಿ, ಜೋಡಿಸಿ ಇಟ್ಟವರು ಅವರು. ಎಷ್ಟು ಸಭೆಗಳು ತಮ್ಮನ್ನು ಪ್ರಶ್ನಿಸಿದ ಹುಡುಗಿಯ ಪತ್ರವನ್ನು ಹೀಗೆ ಇಟ್ಟುಕೊಂಡಾವು? ನನ್ನ ಗೆಳತಿ ನಮ್ಮ ಸಭೆಗೆ ಬರೆದ ಪತ್ರವೊಂದಿತ್ತು. ಈಗ ಅದು ಎಲ್ಲೂ ಇಲ್ಲ.

ಪುಣೆಯಲ್ಲಿ ಈ ಒಳಗಿನ ಕದನ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವಳು ಕುಲಗೆಟ್ಟವಳು, ಅಷ್ಟೇ. ಬೆಂಬಲಕ್ಕೆ ನಿಂತವರಲ್ಲಿ ಜೋತಿರಾವ್ ಫುಲೆ ಮುಖ್ಯರು. 1885ರ ತಮ್ಮ 'ಸತ್ಸಾರ'ದಲ್ಲಿ ಅವಳ ಪರವಾಗಿ ಬರೆದರು. 1886ರಲ್ಲಿ ಅವಳು, ಅಮೆರಿಕದಲ್ಲಿ ವೈದ್ಯೆಯಾದ ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು ಫಿಲಡೆಲ್ಫಿಯಕ್ಕೆ ಹೋದಳು. ಎರಡು ವರ್ಷ ಅಲ್ಲಿ ಸುತ್ತಿ ವಿಧವೆಯರ ಶಾಲೆಗೆ ಹಣ ಕೂಡಿಸಿದಳು. ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಯೂನಿಟೇರಿಯನ್ನರು, ಎಲ್ಲರ ಪ್ರಸಂಗ ಕೇಳಿದಳು. ಒಂದೇ ಬೈಬಲಿನಿಂದ ಒಬ್ಬೊಬ್ಬರೂ ಒಂದೊಂದು ತೆಗೆಯುವುದನ್ನು ಕಂಡು ದಿಕ್ಕುಗಾಣದಾದೆ ಎಂದು ಮುಂದೆ ತನ್ನ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾಳೆ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನವನ್ನು ತೆರೆದಾಗ ಅದು ಯಾವ ಸಭೆಯ ನೆರಳಲ್ಲೂ ಇರಲಿಲ್ಲ.

ಆ ಹೊತ್ತಿಗೆ ಅವಳೊಬ್ಬಳಿಗೇ ಈ ಅಸಮಾಧಾನವಿರಲಿಲ್ಲ ಎಂಬುದನ್ನೂ ನೆನೆಯಬೇಕು. 1887ರಲ್ಲಿ ಕಲ್ಕತ್ತದಲ್ಲಿ ಕಾಳಿಚರಣ ಬ್ಯಾನರ್ಜಿ ಮತ್ತು ಜೊತೆಗಾರರು ವಿದೇಶಿ ಪಂಗಡಗಳ ಗೋಡೆ ಬೇಡವೆಂದು ಕ್ರಿಸ್ತೋ ಸಮಾಜ ಕಟ್ಟಿದರು. ಮರಾಠಿ ಕವಿ ನಾರಾಯಣ ವಾಮನ ಟಿಳಕ್ 1895ರಲ್ಲಿ ದೀಕ್ಷಾಸ್ನಾನ ಪಡೆದರು. ಎರಡು ದಶಕ ಮಿಷನ್ನಿನ ಸೇವೆ ಮಾಡಿ, 1917ರಲ್ಲಿ ಹೊರಬಂದು, ದೀಕ್ಷಾಸ್ನಾನವಾದವರೂ ಆಗದವರೂ ಒಟ್ಟಿಗೆ ಕೂರುವ ದೇವರ ದರ್ಬಾರು ಒಂದನ್ನು ಆರಂಭಿಸಿದರು. ಅವರ ಹೆಂಡತಿ ಲಕ್ಷ್ಮೀಬಾಯಿಯೋ, ಗಂಡ ಹೋದ ದಾರಿಗೆ ಐದು ವರ್ಷ ಬಾರದೆ ಅತ್ತು, ಹಟ ಹಿಡಿದು, ನಿಧಾನವಾಗಿ ತಾನೇ ಬದಲಾಗಿ 1900ರಲ್ಲಿ ಅದೇ ನೀರಿಗೆ ಬಂದರು. ಒಂದೇ ಮನೆಯಲ್ಲಿ ಗಂಡ ದೀಕ್ಷಾಸ್ನಾನದಿಂದ ದರ್ಬಾರಿಗೆ ನಡೆದರೆ ಹೆಂಡತಿ ಅಡುಗೆಮನೆಯ ಮಡಿಯಿಂದ ದೀಕ್ಷಾಸ್ನಾನಕ್ಕೆ ನಡೆದರು. ಇವರಲ್ಲಿ ಯಾರ ದಾರಿ ನೇರ ಎಂದು ಹೇಳುವ ಧೈರ್ಯ ನನಗಿಲ್ಲ.

ರಮಾಬಾಯಿಗೆ 1891ರಲ್ಲಿ ಏನಾಯಿತು? ವಿಲಿಯಂ ಹಾಸ್ಲಾಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆಯನ್ನು ಅವಳು ಓದಿದಳು. ದೀಕ್ಷೆ ಪಡೆದು ಪಾದ್ರಿಯಾಗಿ ಬೋಧಿಸುತ್ತಿದ್ದವನೊಬ್ಬ, ತನಗೇ ವಿಶ್ವಾಸವಿಲ್ಲವೆಂದು ಒಂದು ದಿನ ಕಂಡುಕೊಂಡ ಕತೆ ಅದು. ಓದುತ್ತ ಅವಳಿಗೆ ತನ್ನದೇ ಮುಖ ಕಂಡಿತು. ನನಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದ ಮಾತನ್ನು ಅವಳು 1907ರಲ್ಲಿ ಪ್ರಕಟಿಸಿದ ಸಾಕ್ಷಿಯಲ್ಲಿ ಬರೆದಳು. ವಾದಗಳು ಸೋತು ಹೋದದ್ದಲ್ಲ ಇದು. ಬಿಷಪ್ಪರಿಗೆ ಅವಳು ಮಣಿಯಲಿಲ್ಲ. ತ್ರಯೈಕ್ಯದ ವಿಷಯದಲ್ಲಿ ಮುಂದೆ ಅವಳು ಒಪ್ಪಿಕೊಂಡದ್ದನ್ನು ಯಾರ ಅಪ್ಪಣೆಯಿಂದಲೂ ಒಪ್ಪಲಿಲ್ಲ. ಬರಗಾಲದಲ್ಲಿ ತಂದ ಹುಡುಗಿಯರಿಗಾಗಿ ಕೇಡ್‌ಗಾಂವ್‌ನಲ್ಲಿ ಕಟ್ಟಿದ ಮುಕ್ತಿ ಸದನವನ್ನು ಯಾವ ಒಂದು ಪಂಗಡಕ್ಕೂ ಒಪ್ಪಿಸಲಿಲ್ಲ. ಬದಲಾದದ್ದು ಒಳಗಿನ ಬಿಗಿತ. ಸರಿಯಾದ ಸಿದ್ಧಾಂತ ಸಿಕ್ಕಿದ ಮೇಲೆ ದೇವರು ಒಲಿಯುತ್ತಾನೆ ಎಂದು ಕಾಯುತ್ತಿದ್ದವಳು, ಸಿದ್ಧಾಂತಕ್ಕೂ ಮೊದಲೇ ತಾನು ಸ್ವೀಕೃತಳಾಗಿದ್ದೆ ಎಂದು ಕಂಡುಕೊಂಡಳು. ಬಾವಿಕಟ್ಟೆಯ ಸಮಾರ್ಯದ ಹೆಂಗಸಿಗೂ ಆದದ್ದು ಅದೇ ಅಲ್ಲವೇ? ಅವಳ ಕೊಡ ಖಾಲಿಯಿತ್ತು, ಪ್ರಶ್ನೆಗಳು ಇನ್ನೂ ಮುಗಿದಿರಲಿಲ್ಲ.

ಈ ಹೊಸ ಖಚಿತತೆಗೆ ಬೆಲೆ ಕೊಡಬೇಕಾಯಿತು. ಶಾರದಾ ಸದನದಲ್ಲಿ ಅವಳ ಸ್ವಂತ ಪ್ರಾರ್ಥನೆಯ ಕೋಣೆಯ ಬಾಗಿಲು ತೆರೆದಿರುತ್ತಿತ್ತು, ಕೆಲವು ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ಕೋಲಾಹಲವಾಯಿತು. ರಾನಡೆ, ಭಂಡಾರಕರರಂಥ ಹಿತೈಷಿಗಳು ಸಲಹಾ ಮಂಡಳಿ ಬಿಟ್ಟರು. ನಂಬಿ ಮಕ್ಕಳನ್ನು ಕಳಿಸಿದ ತಂದೆತಾಯಿಯರ ನೋವು ಸುಳ್ಳಲ್ಲ. ಮತೀಯ ಬೋಧನೆ ಇಲ್ಲ ಎಂಬ ಭರವಸೆ ಅವರಿಗೆ ಇತ್ತು. ಬಾಗಿಲು ತೆರೆದಿಡುವುದೂ ಒಂದು ಬೋಧನೆಯೇ ಎಂದು ಅವರಿಗೆ ಅನಿಸಿದ್ದರೆ ಅದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ರಮಾಬಾಯಿಯೂ ಮನೋರಮಾಳ ವಿಷಯದಲ್ಲಿ ಇದೇ ನೋವನ್ನು ವಾಂಟೇಜಿಗೆ ಬರೆದಿದ್ದಳಲ್ಲ!

ಮುಕ್ತಿ ಸದನದ ಹುಡುಗಿಯರು ದೀಕ್ಷಾಸ್ನಾನಕ್ಕೆ ಚಕ್ಕಡಿಗಳಲ್ಲಿ ಭೀಮಾ ನದಿಗೆ ಹೋಗುತ್ತಿದ್ದರು. 1905ರಲ್ಲಿ ಅಲ್ಲಿ ಎದ್ದ ಉಜ್ಜೀವನದ ಬಗ್ಗೆ ಬಹಳ ಬರೆದಿದ್ದಾರೆ, ನಾನು ಅದನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ಮನಸ್ಸು ನಿಲ್ಲುವುದು ಆ ನದಿಯ ಬಳಿ. ಕೇಡ್‌ಗಾಂವ್‌ನ ಪಕ್ಕದಿಂದ ಹರಿಯುವ ಆ ಭೀಮೆ ನಮ್ಮ ಕಲಬುರಗಿ ಸೀಮೆಯನ್ನು ಹಾದು ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತದೆ. ಅನ್ನವಿಲ್ಲದೆ ತಾಯಿ ಕಣ್ಣು ಮುಚ್ಚಿದ್ದು ಆ ರಾಯಚೂರಿನಲ್ಲಿ. ರಮಾಬಾಯಿ ಕೆಲಸ ವಿಸ್ತರಿಸಿ ಕನ್ನಡ ಸೀಮೆಗೆ ಬಂದಾಗ, ಆಗಿನ ನಿಜಾಮ ರಾಜ್ಯದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಲು ನಿಂತವಳು ಮನೋರಮಾ. ಎರಡೂವರೆ ವರ್ಷದವಳಾಗಿ, ಏನೂ ತಿಳಿಯದೆ, ವಾಂಟೇಜಿನ ತೊಟ್ಟಿಯ ಬಳಿ ತಾಯಿಯ ಜೊತೆ ನಿಂತಿದ್ದ ಮಗು. ಅವಳು 1921ರಲ್ಲಿ ತೀರಿಕೊಂಡಳು, ತಾಯಿ 1922ರ ಏಪ್ರಿಲ್ 5ರಂದು.

ನನ್ನ ಗೆಳತಿ ಈಗ ಅಜ್ಜಿಯಾಗಿದ್ದಾಳೆ. ಕಳೆದ ವರ್ಷ ಈ ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ಅವಳ ಮನೆಗೆ ಹೋದೆ. ನಲವತ್ತು ವರ್ಷ ತಡವಾಗಿ, ಮಲಪ್ರಭೆಯಲ್ಲಿ ಆ ದಿನ ಏನಾಯಿತು ಎಂದು ಕೇಳಿದೆ. ಅವಳು ಬಹಳ ಹೊತ್ತು ಹೇಳಿದಳು. ಅದು ಅವಳದು, ಇಲ್ಲಿ ಹೇಳುವಂಥದ್ದಲ್ಲ. ಆಮೇಲೆ ರಮಾಬಾಯಿಯ ಮಾತು ಬಂತು. ಅವಳ ಬಳಿಯೂ ಆ ಸಾಕ್ಷಿಯ ಪುಸ್ತಕ ಇತ್ತು, 1891ರ ಪುಟದಲ್ಲಿ ಗೆರೆ ಎಳೆದಿದ್ದಳು.

"ನೋಡು, ಅಕಿನೇ ಹೇಳ್ಯಾಳ. ಸ್ನಾನ ಆಗಿ ಎಂಟು ವರ್ಷ ಕ್ರಿಸ್ತ ಸಿಕ್ಕಿರಲಿಲ್ಲ ಅಂತ. ನಾ ಅವತ್ತ ಹೇಳಿದ್ದೂ ಇದನ್ನ."

"ಹೌದು," ಎಂದೆ. "ಆದರ ಎಂಟು ಅಂತ ಎಲ್ಲಿಂದ ಎಣಿಸ್ಯಾಳ?"

ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಆ ಪುಟವನ್ನು ಮೊದಲಿನಿಂದ ಮತ್ತೆ ಓದತೊಡಗಿದಳು. ಒಳಗೆ ಮೊಮ್ಮಗು ಎದ್ದು ಅತ್ತಿತು. ಅವಳ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಅದನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಇಟ್ಟು, "ಓದಿ ಮುಗಿಸೂ ತನಕ ಹಿಡಕೋ" ಎಂದಳು.